ಹಸಿವಿನ ಬಟನ್

ನನ್ನ ಲ್ಯಾಪ್‌ಟಾಪಿನಲ್ಲಿ ‘ಸ್ವಂತದ್ದು’ ಅಂತ ಒಂದು ಫೋಲ್ಡರ್ ಇದೆ. ಕಂಪನಿಯ ಕೆಲಸ ಬೇರೆ. ಅದನ್ನು ಆದೋನಿಯ ಈ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಕೂತು ಮಾಡುತ್ತೇನೆ; ಕಂಪನಿಯ ಕಟ್ಟಡವನ್ನು ನಾನು ಕಂಡಿರುವುದು ಎರಡೇ ಸಲ. ಈ ಫೋಲ್ಡರಿನಲ್ಲಿರುವುದು ಯಾರೂ ಹೇಳದೆ, ಯಾರೂ ಕೇಳದೆ ನಾನಾಗಿ ಬರೆದ ಪ್ರೋಗ್ರಾಮುಗಳು. ಹನ್ನೊಂದು ಇವೆ. ಹತ್ತು ಅರ್ಧಕ್ಕೇ ನಿಂತಿವೆ. ಪೂರ್ತಿ ಮುಗಿದು ದಿನಾ ಬಳಕೆಯಾದದ್ದು ಒಂದೇ. ಅದರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತು ಎದ್ದಿದ್ದೇನೆ.

ಮೊದಲು ಆ ಹತ್ತರಲ್ಲಿ ಎರಡು ಮೂರರ ವಿಷಯ ಹೇಳಿಬಿಡುತ್ತೇನೆ, ನಾನು ಎಂಥವಳು ಅಂತ ಗೊತ್ತಾಗಲಿ. ಹಾಲಹರವಿಯ ಬಸ್ಸು ಈಗ ಎಲ್ಲಿದೆ ಅಂತ ತೋರಿಸುವ ಆ್ಯಪ್ ಒಂದು ಮಾಡಿದ್ದೆ. ಬಸ್ಸಿನಲ್ಲಿ ಕೂತವರು ಫೋನಿನಲ್ಲಿ ಒಂದು ಕಡೆ ಒತ್ತಬೇಕು, ಆಗ ಸ್ಟ್ಯಾಂಡಿನಲ್ಲಿ ಕಾಯುವವರಿಗೆ ತಿಳಿಯುತ್ತದೆ. ಅದನ್ನು ಹಾಕಿಕೊಂಡವರು ಇಬ್ಬರೇ, ನಾನು ಮತ್ತು ಸಣ್ಣವ್ವ, ಅಂದರೆ ನಮ್ಮವ್ವನ ತಂಗಿ. ಸಣ್ಣವ್ವನ ಫೋನು ಸೊಂಟದ ಸಂಚಿಯಿಂದ ಹೊರಗೆ ಬರುವುದೇ ಇಲ್ಲ. ಇನ್ನೊಂದು, ಕನ್ನಡ ತೆಲುಗು ಎರಡನ್ನೂ ಒಟ್ಟಿಗೆ ಬರೆಯುವ ಕೀಬೋರ್ಡು. ನಮ್ಮ ಕಡೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ, ಯಾವ ಜಾಗದಲ್ಲಿ ಹೊರಳುತ್ತದೆ ಅಂತ ಆಡುವವರಿಗೇ ಗೊತ್ತಿರುವುದಿಲ್ಲ, ಇನ್ನು ನನ್ನ ಪ್ರೋಗ್ರಾಮಿಗೆ ಎಲ್ಲಿಂದ ಗೊತ್ತಾಗಬೇಕು? ತಲೆ ಕೆಟ್ಟು ಬಿಟ್ಟುಬಿಟ್ಟೆ.

ಮೂರನೆಯದನ್ನು ಅವ್ವನಿಗೋಸ್ಕರ ಮಾಡಿದ್ದೆ. ಅವ್ವ ಹತ್ತಿ ಮಾರ್ಕೆಟ್ಟಿನ ಗೇಟಿನ ಹೊರಗೆ ಇಪ್ಪತ್ತು ವರ್ಷಕ್ಕೂ ಮೇಲೆ ಉಗ್ಗಾಣಿ ಮಾರಿದವಳು. ಮಂಡಕ್ಕಿ ನೆನೆಸಿ, ಹಿಂಡಿ, ಈರುಳ್ಳಿ ಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿ ಉದುರಿಸಿ, ಪಕ್ಕದಲ್ಲಿ ಒಂದು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುತ್ತಿದ್ದಳು. ನೆನೆಸಿದ ಮಂಡಕ್ಕಿ ಉಳಿದರೆ ಕೆಟ್ಟುಹೋಗುತ್ತದೆ, ಕಡಿಮೆಯಾದರೆ ಬಂದವರು ಹಸಿದು ಹೋಗುತ್ತಾರೆ. ಎಷ್ಟು ನೆನೆಸಬೇಕು ಅಂತ ಬೆಳಿಗ್ಗೆಯೇ ಹೇಳುವ ಪ್ರೋಗ್ರಾಮು ಬರೆಯುತ್ತೇನೆ ಅಂತ ನಾನು ಹೊರಟೆ. ವಾರ, ಮಳೆ, ಹತ್ತಿಯ ಸೀಸನ್ನು ಎಲ್ಲ ಸೇರಿಸಿ ಮೂರು ತಿಂಗಳು ಒದ್ದಾಡಿದೆ. ಅವ್ವ ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದಳು. “ಪೆದ್ದಹರಿವಾಣದ ಟ್ರ್ಯಾಕ್ಟರು ಇನ್ನ ಬಂದಿಲ್ಲ, ತಡಿ” ಅಂತ ಅರ್ಧ ಚೀಲ ಹಾಗೇ ಇಡುತ್ತಿದ್ದಳು. ಅವಳ ಲೆಕ್ಕ ತಪ್ಪುತ್ತಿರಲಿಲ್ಲ, ನನ್ನದು ಸರಿಯಾಗುತ್ತಿರಲಿಲ್ಲ.

“ನಿನ್ನ ಮಿಷನ್ನಿಗೆ ರಸ್ತಾ ಕಾಣತೈತೇನ?” ಅಂತ ಒಂದು ದಿನ ಕೇಳಿದಳು. ತಮಾಷೆಗೇ ಕೇಳಿದ್ದು. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಪ್ರೋಗ್ರಾಮನ್ನು ಅವತ್ತೇ ಮುಚ್ಚಿಟ್ಟೆ, ಎರಡು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳು ಕೇಳಿದ್ದು ನನ್ನ ಕೆಲಸದಲ್ಲಿ ಯಾರಾದರೂ ಕೇಳಬಹುದಾದ ಅತಿ ಮುಖ್ಯವಾದ ಪ್ರಶ್ನೆ ಅಂತ ಹೊಳೆಯಲು ಬಹಳ ಕಾಲ ಬೇಕಾಯಿತು.

ಮೊಣಕಾಲು ನೋವು ಜಾಸ್ತಿಯಾಗಿ ಅವ್ವ ಉಗ್ಗಾಣಿಯ ಬಂಡಿ ನಿಲ್ಲಿಸಿದಳು. ಅಪ್ಪ ನಾನು ಶಾಲೆಯಲ್ಲಿದ್ದಾಗಲೇ ಹೋದವನು. ಮನೆಯಲ್ಲಿ ನಾವಿಬ್ಬರೇ. ಮಾರ್ಕೆಟ್ಟಿನ ಅಷ್ಟೂ ಜನರಿಗೆ ಹಂಚುತ್ತಿದ್ದ ಗಮನಕ್ಕೆ ಈಗ ಗಿರಾಕಿ ನಾನೊಬ್ಬಳೇ ಆದೆ. ಒಂದು ಗಂಟೆಯಾದರೆ ಮುಂದಿನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. “ಉಣ್ಣು ಬಾ” ಅಂದರೆ ನಾನು “ಐದು ನಿಮಿಷ” ಅನ್ನುತ್ತಿದ್ದೆ. ನನ್ನ ಐದು ನಿಮಿಷ ಮೂರು ಗಂಟೆಗೆ ಮುಗಿಯುತ್ತಿತ್ತು. ಒಂದು ತಪ್ಪು ಹುಡುಕಲು ಕೂತರೆ ನನಗೆ ಹೊಟ್ಟೆಯ ನೆನಪೇ ಇರುವುದಿಲ್ಲ.

ಅದಕ್ಕೆ ಅವ್ವ ಬೇರೆ ದಾರಿ ಹಿಡಿದಳು. “ನನಗ ಹಸಿವಾಗೈತಿ” ಅನ್ನುತ್ತಿದ್ದಳು. ಅಷ್ಟೇ. ಅವಳು ಒಬ್ಬಳೇ ಉಣ್ಣುವವಳಲ್ಲ. ಬಂಡಿಯಲ್ಲಿ ಕೂಡ ಕೊನೆಯ ಗಿರಾಕಿ ಕೈ ತೊಳೆದ ಮೇಲೆಯೇ ತಾನು ತಿನ್ನುತ್ತಿದ್ದಳು. ಮನೆಯಲ್ಲಿ ನಾನು ಕೂರುವ ತನಕ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ನಾನು ಗೊಣಗುತ್ತಾ ಏಳಲೇಬೇಕಾಗುತ್ತಿತ್ತು.

“ಹಸಿವಾದ್ರ ನೀ ಉಣ್ಣಬಾರದೇನವ್ವ?”

“ಒಬ್ಬಾಕೀನ ಉಂಡ್ರ ಗಂಟಲಾಗ ಇಳಿಯಂಗಿಲ್ಲ.”

ಕೂತ ಮೇಲೆ ನೋಡಿದರೆ ಅವಳು ಉಣ್ಣುತ್ತಿದ್ದದ್ದು ಒಂದು ಹಿಡಿ. ಅವಳಿಗೆ ಹಸಿವಾಗಿಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತಿತ್ತು. ವರ್ಷಗಟ್ಟಲೆ ನಮ್ಮ ಮನೆಯ ಮಧ್ಯಾಹ್ನ ಹೀಗೆಯೇ ನಡೆಯಿತು.

ಒಂದು ಬೇಸಿಗೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಬೋಗುಣಿ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವ್ವ ಗೋಡೆಗೆ ಒರಗಿ ಕುಸಿದಿದ್ದಳು. ಬಾಯಿ ಒಂದು ಕಡೆ ಸರಿದಿತ್ತು. ಬಲಗೈ, ಬಲಗಾಲು ಹೋಗಿದ್ದವು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವಳ ಬಳಿ ಉಳಿದಿದ್ದದ್ದು “ಹಾಂ” ಅನ್ನುವ ಒಂದೇ ಸದ್ದು, ಮತ್ತೆ ಎಡಗೈ.

“ನೀವು ಹೇಳಿದ್ದೆಲ್ಲ ಅವರಿಗೆ ಅರ್ಥ ಆಗುತ್ತೆ. ಅವರಿಗೆ ಹೇಳೋಕೆ ಪದ ಸಿಗಲ್ಲ, ಅಷ್ಟೇ” ಅಂದರು ಡಾಕ್ಟರು. ಅಷ್ಟೇ ಅಂತೆ. ಬಂಡಿಯ ಮುಂದೆ ನಿಂತವರ ಮುಖ ನೋಡಿ ಒಬ್ಬರಿಗೆ ಕನ್ನಡ, ಒಬ್ಬರಿಗೆ ತೆಲುಗು, ಇನ್ನೊಬ್ಬರಿಗೆ ಉರ್ದು ಅಂತ ಒಂದೇ ಉಸಿರಿನಲ್ಲಿ ಮೂರು ಭಾಷೆ ಆಡುತ್ತಿದ್ದವಳು ಅವಳು. ಡಾಕ್ಟರು ಇನ್ನೂ ಒಂದು ಮಾತು ಹೇಳಿದರು: ಸಕ್ಕರೆ ಕಾಯಿಲೆ ಇದೆ, ನುಂಗುವುದು ಕಷ್ಟ, ಆದ್ದರಿಂದ ಮೆತ್ತನೆಯ ಊಟ, ಹೊತ್ತಿಗೆ ಸರಿಯಾಗಿ, ಅಳತೆಯಷ್ಟೇ. ಅದನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಅವ್ವನಿಗೆ ಮಾತು ವಾಪಸ್ಸು ತಂದುಕೊಡಬೇಕು, ಅದೂ ನಾನೇ ತಂದುಕೊಡಬೇಕು ಅಂತ ಹಟ ಹಿಡಿದೆ. ಚಿತ್ರ ಒತ್ತಿದರೆ ಮಾತಾಡುವ ಆ್ಯಪುಗಳು ಬೇಕಾದಷ್ಟು ಸಿಗುತ್ತವೆ. ಒಂದನ್ನು ಟ್ಯಾಬಿಗೆ ಹಾಕಿ ಕೊಟ್ಟೆ. “ನನಗೆ ಬಾಯಾರಿಕೆಯಾಗಿದೆ” ಅಂತ ಅದು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಹೇಳಿತು. ಮನೆಯೊಳಗೆ ತಹಸೀಲ್ದಾರರು ಬಂದಂತೆ ಅವ್ವ ಸೆರಗು ಸರಿಮಾಡಿಕೊಂಡಳು. ನನಗೆ ನಗು ಬಂತು, ಅವತ್ತೇ ನನ್ನದೇ ಆ್ಯಪ್ ಶುರುಮಾಡಿದೆ.

ಅದರಲ್ಲಿ ಆರು ಬಟನ್. ಪೇಟೆಯ ಚಿತ್ರಗಳು ಬೇಡ ಅಂತ ನಮ್ಮ ಮನೆಯವನ್ನೇ ಫೋಟೋ ತೆಗೆದೆ. ಅವಳ ತಂಬಿಗೆ, ಅವಳ ತಟ್ಟೆ, ಬಚ್ಚಲಿನ ಬಾಗಿಲು, ಫ್ಯಾನು, ಕೌದಿ, ಮಾತ್ರೆಯ ಹಾಳೆ. ಒತ್ತಿದರೆ ನಮ್ಮ ಮಾತೇ ಬರಬೇಕು. ಸಣ್ಣವ್ವನ ದನಿ ಅವ್ವನದಕ್ಕೆ ಹತ್ತಿರ, ಆದರೆ ಮೈಕು ಮುಂದಿಟ್ಟರೆ ಅವಳಿಗೆ ನಗು ತಡೆಯಲು ಆಗಲಿಲ್ಲ. ಕೊನೆಗೆ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. ನೀರು ಬೇಕು. ಬಚ್ಚಲಕ್ಕ ಹೋಗಬೇಕು. ನನಗ ಹಸಿವಾಗೈತಿ.

ಮೊದಲನೇ ದಿನ ಅವ್ವ ಎಡಗೈಯ ತೋರುಬೆರಳಿನಿಂದ ತಂಬಿಗೆಯನ್ನು ಒತ್ತಿದಳು. “ನೀರು ಬೇಕು” ಅಂತ ಟ್ಯಾಬು ಹೇಳಿತು. ನಾನು ನೀರು ಕುಡಿಸಿದೆ. ಅವಳು ಕುಡಿದು, ನನ್ನ ಮುಖ ನೋಡಿ, ಅರ್ಧ ಬಾಯಿಯಲ್ಲಿ ನಕ್ಕಳು. ನನಗೆ ಅಳು ಬಂತು. ಫೋನಿನಲ್ಲಿ ಸಣ್ಣವ್ವನಿಗೆ “ಅವ್ವ ಮಾತಾಡಿದ್ಲು” ಅಂತ ಹೇಳಿದೆ. ಅಷ್ಟು ಸಂತೋಷ ನನ್ನ ಯಾವ ಕೆಲಸದಿಂದಲೂ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಶ್ರಾವಣದಲ್ಲಿ ಸಣ್ಣವ್ವ ಉರುಕುಂದಕ್ಕೆ ಹೋಗಿ, ಅಲ್ಲಿಂದ ಪ್ರಸಾದ ತೆಗೆದುಕೊಂಡು ಸೀದಾ ನಮ್ಮ ಮನೆಗೆ ಬಂದಳು. ಬಂದು ಕೂತ ಕೂಡಲೇ ಅವ್ವ ತಂಬಿಗೆಯನ್ನು ಒತ್ತಿದಳು. ನಾನು ಲೋಟ ತಂದು ಅವಳ ಬಾಯಿಗೆ ಹಿಡಿದೆ. ತಲೆ ಅಲ್ಲಾಡಿಸಿದಳು. ಮತ್ತೆ ಒತ್ತಿದಳು. ಮತ್ತೆ ಹಿಡಿದೆ. ಆಗ ಎಡಗೈಯಿಂದ ಲೋಟವನ್ನು ತಂಗಿಯ ಕಡೆಗೆ ತಳ್ಳಿದಳು. ನೀರು ನೆಲಕ್ಕೆ ಚೆಲ್ಲಿತು.

ಸಣ್ಣವ್ವ ನಕ್ಕಳು. “ನನಗ ಕೊಡು ಅಂತಾಳ ನಿಮ್ಮವ್ವ. ಬಿಸಿಲಾಗ ಬಂದಾಕಿ ನಾನು, ನೀರು ಕೊಡದ ಕುಂದ್ರಿಸೀದಿ. ಆಕಿ ಯಾವತ್ತರ ತನಗ ಬೇಕು ಅಂತ ಕೇಳ್ಯಾಳೇನ?”

ನಮ್ಮಲ್ಲಿ ಹೊಸ್ತಿಲು ದಾಟಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಕಾಯಿಲೆ ಬಿದ್ದು ಮಲಗಿದರೂ ಅವ್ವ ಅದನ್ನು ಬಿಟ್ಟಿರಲಿಲ್ಲ. ನಾನು ಮರುದಿನವೇ ಏಳನೇ ಬಟನ್ ಸೇರಿಸಿದೆ, ಬಂದವರಿಗೆ “ನೀರು ಕುಡೀರಿ” ಅನ್ನಲಿಕ್ಕೆ. ಬಳಸುವವರನ್ನು ಗಮನಿಸಿ ತಿದ್ದಿಕೊಂಡೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇದನ್ನೇ ಕಂಪನಿಯ ಗೆಳತಿಯರಿಗೆ ಕಥೆ ಮಾಡಿ ಹೇಳಿದೆ. ಸಣ್ಣವ್ವ ಹೇಳಿದ ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ತಟ್ಟೆಯ ಬಟನ್ನಿನಿಂದ ಮಾತ್ರ ಮೊದಲಿನಿಂದಲೂ ತೊಂದರೆ ಇತ್ತು. ಹನ್ನೆರಡಕ್ಕೆ ನಾನು ಅವ್ವನಿಗೆ ಮೆತ್ತಗೆ ಕಲಸಿದ ಅನ್ನ ಉಣಿಸಿ, ಬಾಯಿ ಒರೆಸಿ, ದಿಂಬಿಗೆ ಒರಗಿಸಿ ಕೆಲಸಕ್ಕೆ ಕೂರುತ್ತಿದ್ದೆ. ಒಂದೂಮುಕ್ಕಾಲು, ಎರಡಕ್ಕೆ ನಡುಮನೆಯಿಂದ ಟ್ಯಾಬು ಕೂಗುತ್ತಿತ್ತು: “ನನಗ ಹಸಿವಾಗೈತಿ.” ಓಡಿ ಹೋಗಿ ಗಂಜಿ ತಂದರೆ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸುತ್ತಿದ್ದಳು. ಅಡುಗೆಮನೆಯ ಕಡೆ ಕೈ ತೋರಿಸುತ್ತಿದ್ದಳು. ಬೇರೇನೋ ಬೇಕೇನೋ ಅಂತ ಬಾಳೆಹಣ್ಣು ತಂದೆ, ಮಜ್ಜಿಗೆ ತಂದೆ. ಯಾವುದೂ ಬೇಡ. ಹತ್ತು ನಿಮಿಷ ಬಿಟ್ಟು ಮತ್ತೆ ಕೂಗು.

ನಾನು ಇದನ್ನು ಆ್ಯಪಿನ ದೋಷ ಅಂತ ತೀರ್ಮಾನಿಸಿದೆ. ಬೆರಳು ನಡುಗುತ್ತದೆ, ಕೌದಿ ಒತ್ತಲು ಹೋಗಿ ತಟ್ಟೆ ಒತ್ತುತ್ತಾಳೆ ಅಂತ ಬಟನ್ನುಗಳ ನಡುವೆ ಜಾಗ ಬಿಟ್ಟೆ. ಕೂಗು ನಿಲ್ಲಲಿಲ್ಲ. ಸುಮ್ಮನೆ ಮುಟ್ಟಿದರೆ ಸಾಲದು, ಒಂದು ಕ್ಷಣ ಅದುಮಿ ಹಿಡಿಯಬೇಕು ಅಂತ ಬದಲಾಯಿಸಿದೆ. ಅವಳು ಅದುಮಿ ಹಿಡಿದಳು. ಆ ನಡುಗುವ ಬೆರಳನ್ನು ಅಷ್ಟು ಹೊತ್ತು ಒಂದೇ ಕಡೆ ನಿಲ್ಲಿಸಲು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಕಂಡೂ ಗೊತ್ತಿಲ್ಲದೆ ಒತ್ತುತ್ತಾಳೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು?

ಒಂದು ಮಧ್ಯಾಹ್ನ ಹೀಗೆ ಕರೆದಾಗ ಹೋಗಿ ಮಂಚದ ಪಕ್ಕ ನಿಂತೆ. ಅವ್ವ ಎಡಗೈ ಚಾಚಿ ನನ್ನ ಹೊಟ್ಟೆಯ ಮೇಲೆ ಇಟ್ಟಳು. “ಹೌದವ್ವ, ಕುಂತು ಕುಂತು ದಪ್ಪ ಆಗೇನಿ” ಅಂದೆ. ನಾನು ನಕ್ಕೆ. ಅವಳು ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಮುಂದಿನ ಕೋಣೆಯಲ್ಲಿ ಫೋನು ಬಂತು, ಹೋದೆ.

ಅದಾದ ಮೇಲಿನ ವಾರ ಕಂಪನಿಯ ಮೀಟಿಂಗ್ ನಡೆಯುತ್ತಿತ್ತು. ಬೇರೆ ಬೇರೆ ಊರಿನ ಹದಿನೈದು ಜನ, ನಾನು ಮಾತಾಡುವ ಸರದಿ. ನಡುಮನೆಯಿಂದ ನನ್ನದೇ ದನಿ: “ನನಗ ಹಸಿವಾಗೈತಿ.” ಯಾರೋ ನಕ್ಕರು. ಕನ್ನಡ ಬಲ್ಲ ಒಬ್ಬರು “ಪಾಪ, ಹೋಗಿ ಊಟ ಮಾಡಿ” ಅಂದರು. ಎಲ್ಲರೂ ನಕ್ಕರು. ಇನ್ನೊಂದು ಸಲ ಕೂಗಿತು. ನಾನು ಮೈಕು ಮುಚ್ಚಿ ನಡುಮನೆಗೆ ಹೋದೆ.

“ಈಗಿನ್ನ ಉಂಡೀದಿ! ಎಷ್ಟು ಸಲ ಉಣಿಸ್ಲಿ ನಿನಗ? ತಂದ್ರ ಬ್ಯಾಡ ಅಂತಿ, ಹೋದ್ರ ಒದರಸ್ತಿ!”

ಬಾಯಿಗೆ ಬಂದ ಹಾಗೆ ಅಂದೆ. ಅವ್ವ ನನ್ನನ್ನೇ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲು ನೋಡಿದಳು. “ಹಾಂ” ಅಂದಳು. ನಾನು ಬಾಗಿಲು ಎಳೆದುಕೊಂಡು ಮೀಟಿಂಗಿಗೆ ವಾಪಸ್ಸಾದೆ.

ಅವತ್ತೇ ಸಂಜೆಯೊಳಗೆ ಹೊಸ ಸಾಲುಗಳನ್ನು ಬರೆದೆ. ಡಾಕ್ಟರು ಹೇಳಿದ ನಾಲ್ಕು ಊಟದ ಹೊತ್ತು, ಪ್ರತಿಯೊಂದಕ್ಕೆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಮಾತ್ರ ತಟ್ಟೆಯ ಬಟನ್ ಮಾತಾಡಬೇಕು. ಉಳಿದಾಗ ಚಿತ್ರ ಬೂದಿ ಬಣ್ಣಕ್ಕೆ ತಿರುಗಬೇಕು, ಒತ್ತಿದರೂ ಸದ್ದು ಬರಬಾರದು. ನನ್ನ ಜನ್ಮದಲ್ಲಿ ಮೊದಲ ಸಲಕ್ಕೇ ತಪ್ಪಿಲ್ಲದೆ ಓಡಿದ ಕೋಡು ಅದೊಂದೇ ಇರಬೇಕು.

ಅವ್ವನಿಗೆ ಹೇಳಿದೆ, “ಊಟದ ಹೊತ್ತಿಗೆ ಎಚ್ಚರ ಆಗತೈತವ್ವ ಇದು. ಉಳಿದ ಹೊತ್ತು ಮಲಗಿರತೈತಿ.” ಅವಳು ಬೂದಿ ಬಣ್ಣದ ತಟ್ಟೆಯನ್ನು ಒತ್ತಿ ನೋಡಿದಳು. ಸದ್ದಿಲ್ಲ. ಟ್ಯಾಬನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಒತ್ತಿದಳು. ಆಮೇಲೆ ಪಕ್ಕಕ್ಕೆ ಇಟ್ಟಳು. ಮಧ್ಯಾಹ್ನಗಳು ಶಾಂತವಾದವು. ನನ್ನ ಕೆಲಸ ಚೆನ್ನಾಗಿ ಸಾಗಿತು, ಕಂಪನಿಯಲ್ಲಿ ಹೊಗಳಿದರು.

ಹತ್ತಿಯ ಸೀಸನ್ನಿನಲ್ಲಿ, ಜಿನ್ನಿಂಗ್ ಮಿಲ್ಲುಗಳ ಸದ್ದು ಊರ ತುಂಬ ಇರುವ ದಿನಗಳಲ್ಲಿ, ಅವ್ವ ಹೋದಳು. ಎರಡೂವರೆಗೆ ಕೆಲಸ ಒಂದು ಹಂತಕ್ಕೆ ಬಂತು ಅಂತ ಉಣ್ಣಲು ಎದ್ದೆ. ನಡುಮನೆಗೆ ಬಂದರೆ ಅವ್ವ ದಿಂಬಿನಿಂದ ಜಾರಿದ್ದಳು, ಕಣ್ಣು ಅರ್ಧ ತೆರೆದಿತ್ತು. ಟ್ಯಾಬು ಮಂಚದ ಕೆಳಗೆ ಬಿದ್ದಿತ್ತು. ಲಕ್ವ ಎರಡನೇ ಸಲ ಹೊಡೆದಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಎಚ್ಚರವಾಗಲಿಲ್ಲ. ಹಾಲಹರವಿಯಲ್ಲಿ, ಅವಳ ತವರಿನ ಹೊಲದಲ್ಲಿ ಮಣ್ಣು ಮಾಡಿದೆವು.

ಟ್ಯಾಬನ್ನು ಟ್ರಂಕಿಗೆ ಹಾಕಿದ್ದೆ. ಮೂರು ತಿಂಗಳಾದ ಮೇಲೆ ಸಣ್ಣವ್ವ ಬಂದಳು. ಅವಳ ಓಣಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬರಿಗೆ ಹೀಗೆಯೇ ಆಗಿದೆಯಂತೆ, ಮಾತು ನಿಂತಿದೆಯಂತೆ.

“ಅಕ್ಕನ ಮಾತಿನ ಹಲಗಿ ಸುಮ್ನ ಬಿದ್ದೈತಲ್ಲ, ಆತಗ ಕೊಟ್ರ ಪುಣ್ಯ ಬರತೈತವ್ವ” ಅಂದಳು.

ಹೂಂ ಅಂದೆ. ಅವ್ವನದನ್ನೆಲ್ಲ ಅಳಿಸಿ, ಅವರಿಗೆ ಹೊಂದುವ ಹಾಗೆ ಮಾಡಿಕೊಡಬೇಕಿತ್ತು. ಸಣ್ಣವ್ವ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಟ್ಯಾಬನ್ನು ಲ್ಯಾಪ್‌ಟಾಪಿಗೆ ಸೇರಿಸಿದೆ. ಅಳಿಸುವ ಮುಂಚೆ ಲಾಗ್ ಅನ್ನುವ ಕಡತ ಕಣ್ಣಿಗೆ ಬಿತ್ತು. ಯಾವ ಹೊತ್ತಿಗೆ ಯಾವ ಬಟನ್ ಒತ್ತಲಾಯಿತು ಅಂತ ಆ್ಯಪ್ ತಾನೇ ಬರೆದುಕೊಳ್ಳುವ ದಾಖಲೆ ಅದು. ದೋಷ ಹುಡುಕಲು ನಾನೇ ಹಾಕಿದ್ದು. ತಟ್ಟೆಯ ಬಟನ್ನಿನ ಸದ್ದು ನಿಲ್ಲಿಸಿದ ಮೇಲೆ ದೋಷ ಇಲ್ಲವಲ್ಲ ಅಂತ ಆಮೇಲೆ ನೋಡಿರಲೇ ಇಲ್ಲ.

ತೆರೆದೆ. ನೀರು, ಬಚ್ಚಲು, ಕೌದಿ. ನಡುನಡುವೆ ಒಂದೇ ಥರದ ಸಾಲು, ಒತ್ತಿದರೂ ಸದ್ದು ತಡೆದಾಗ ಆ್ಯಪ್ ಬರೆಯುವಂಥದ್ದು. ಹಸಿವು, ಬ್ಲಾಕ್. ಹಸಿವು, ಬ್ಲಾಕ್. ಸದ್ದು ಬರುವುದಿಲ್ಲ ಅಂತ ಗೊತ್ತಾದ ಮೇಲೂ ಅವ್ವ ಒತ್ತುತ್ತಲೇ ಇದ್ದಳು. ಮಧ್ಯಾಹ್ನ ಒಂದೂಮುಕ್ಕಾಲು, ಎರಡು, ಎರಡು ಹತ್ತು.

ನಮ್ಮವ್ವ ಹಸಿದಿದ್ದಳು, ನಾನು ಅವಳ ಬಾಯಿ ಮುಚ್ಚಿದ್ದೆ. ಊರಿಗೆಲ್ಲ ಉಗ್ಗಾಣಿ ಕೊಟ್ಟವಳನ್ನು ಉಪವಾಸ ಹಾಕಿದೆ ಅಂದುಕೊಂಡೆ. ಆದರೆ ಗಂಜಿ ತಂದಾಗ ಅವಳು ಬಾಯಿ ಮುಚ್ಚುತ್ತಿದ್ದದ್ದೂ ನೆನಪಿತ್ತು. ಮತ್ತೆ ನೋಡಿದೆ. ಭಾನುವಾರಗಳಲ್ಲಿ ಒಂದು ಸಾಲೂ ಇಲ್ಲ. ದಸರಾ ರಜೆಯಲ್ಲಿ ಇಲ್ಲ. ಸಣ್ಣವ್ವ ಬಂದು ಉಳಿದ ಒಂದು ವಾರ ಪೂರ್ತಿ ಇಲ್ಲ. ಭಾನುವಾರ ಹಸಿವಾಗದ ಹೊಟ್ಟೆ ಎಲ್ಲಾದರೂ ಇದೆಯೇ?

ನನ್ನ ಕೆಲಸಕ್ಕೂ ಒಂದು ದಾಖಲೆ ಇದೆ. ಬರೆದ ಕೋಡನ್ನು ಜಮಾ ಮಾಡಿದಾಗಲೆಲ್ಲ ಅದರ ಗಂಟೆ, ನಿಮಿಷ ಉಳಿಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟೆ. ನಾನು ಒಂದು ಗಂಟೆಯಿಂದ ಎರಡರವರೆಗೆ ಏನೂ ಜಮಾ ಮಾಡದ ದಿನ, ಅಂದರೆ ಎದ್ದು ಉಂಡ ದಿನ, ಅವ್ವನ ಕಡೆ ಏನೂ ಇಲ್ಲ. ನಾನು ಏಳದೆ ಕೂತ ದಿನ, ಒಂದು ಇಪ್ಪತ್ತು, ಒಂದು ನಲವತ್ತು, ಎರಡು ಐದು ಅಂತ ನನ್ನ ಸಾಲುಗಳು ಇರುವ ದಿನ, ಅವುಗಳ ಪಕ್ಕದಲ್ಲಿ ಅವಳವು. ಹಸಿವು. ಹಸಿವು. ಹಸಿವು. ನಡುಮನೆಯ ಮಂಚದಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ನಾನು ಉಣ್ಣಲು ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕಿತ್ತು.

ಆ ಮಾತನ್ನು ನಾನು ವರ್ಷಗಟ್ಟಲೆ ಕೇಳಿದವಳು. ಅದು ಯಾಕೆ ಬರುತ್ತದೆ ಅಂತ ತಿಳಿದೇ ಗೊಣಗಿ ಎದ್ದವಳು. ನನ್ನ ದನಿಯಲ್ಲಿ ಬಂತು ನೋಡಿ, ಗುರುತು ಹತ್ತಲಿಲ್ಲ. ಆರು ಬಟನ್ ಮಾಡಿದಾಗ ಅವ್ವನಿಗೆ ಏನೇನು ಬೇಕಾದೀತು ಅಂತಷ್ಟೇ ಯೋಚಿಸಿದ್ದೆ. ಬಂದವರಿಗೆ ಅಂತ ಏಳನೆಯದನ್ನು ಮಾಡಿದಾಗಲೂ ಅವಳು ವಿಚಾರಿಸಿಕೊಳ್ಳಬೇಕಾದವರ ಸಾಲಿನಲ್ಲಿ ನಾನೂ ಇದ್ದೇನೆ ಅಂತ ಹೊಳೆಯಲಿಲ್ಲ. ಅವಳಿಗೆ ಸಿಕ್ಕ ಆರು ಮಾತಿನಲ್ಲಿ ಒಂದನ್ನು ಅವಳು ನನಗೆ ಅಂತ ಇಟ್ಟುಕೊಂಡಿದ್ದಳು. ನಾನು ಅದನ್ನು ದೋಷ ಅಂದೆ, ತಿದ್ದಿದೆ.

ಸಣ್ಣವ್ವನಿಗೆ ಹೇಳಿದೆ. ಮೀಟಿಂಗಿನ ದಿನ ನಾನು ಒದರಿದ್ದು, ಬೂದಿ ಬಣ್ಣ ಮಾಡಿದ್ದು, ಎಲ್ಲ ಹೇಳಿದೆ. ಹೇಳುತ್ತಾ ಮಗುವಿನ ಹಾಗೆ ಅತ್ತೆ. ಅವಳು ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಗೋಡೆಯ ಮೇಲೆ ನಾನು ಅಂಟಿಸಿದ್ದ ಊಟದ ಹೊತ್ತಿನ ಚೀಟಿ ಇನ್ನೂ ಹಾಗೇ ಇತ್ತು, ಅದನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಆಮೇಲೆ ನೆಲಕ್ಕೆ ಕೈ ಊರಿ ಎದ್ದಳು.

“ಏಳವ್ವ. ನನಗ ಹಸಿವಾಗೈತಿ.”

ಬರುವಾಗಲೇ ಬಸ್ ಸ್ಟ್ಯಾಂಡಿನಲ್ಲಿ ತಿಂದು ಬಂದಿದ್ದೇನೆ ಅಂತ ಅವಳು ಹೇಳಿದ್ದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ನಾನು ಎದ್ದೆ. ಇಬ್ಬರೂ ಕೂತು ಉಂಡೆವು. ಅವಳು ಒಂದು ಹಿಡಿ ಉಂಡಳು.

ಉಂಡ ಮೇಲೆ ಟ್ಯಾಬನ್ನು ತಿದ್ದಲು ಕೂತೆ. ಹೊತ್ತಿನ ಕಟ್ಟುಪಾಡು ಬರೆದ ಸಾಲುಗಳನ್ನು ತೆಗೆದುಹಾಕಿದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಒಂದು ಹೊಸ ಬಟನ್ ಮಾಡಿದೆ. “ಉಂಡ್ಯಾ?” ಅಂತ ಕೇಳುವ ಬಟನ್. ದನಿ ಸಣ್ಣವ್ವನದು. ಈ ಸಲ ಅವಳು ನಗಲಿಲ್ಲ. ಕುರಿ ಕಾಯುವವರು ಮೊದಲು ಯಾರನ್ನು ಕೇಳುತ್ತಾರೆ ಅಂತ ನನಗೆ ಗೊತ್ತಿಲ್ಲ, ಹೆಂಡತಿಯನ್ನೋ ನಾಯಿಯನ್ನೋ. ಯಾರನ್ನಾದರೂ ಕೇಳಲಿ.

ಇನ್ನು ಹಳೆಯದನ್ನು ಅಳಿಸಬೇಕಿತ್ತು. ಲಾಗನ್ನು ನನ್ನ ‘ಸ್ವಂತದ್ದು’ ಫೋಲ್ಡರಿಗೆ ಇಳಿಸಿಕೊಂಡೆ. ಅಳಿಸುವ ಮುಂಚೆ ಅದರ ತುದಿಗೆ ಹೋಗಿ ಕೊನೆಯ ಸಾಲು ನೋಡಿದೆ. ಅವಳನ್ನು ಆಸ್ಪತ್ರೆಗೆ ಒಯ್ದ ದಿನದ್ದು. ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷ. ಹಸಿವು, ಬ್ಲಾಕ್.

ಆ ಹೊತ್ತಿಗೆ ನಾನಿನ್ನೂ ಉಂಡಿರಲಿಲ್ಲ.